ಬಡಾಯಿ ಕೂರಿಸಿದ ಟೈಲು

“ಅಪ್ಪಾ, ‘ಸೆಟ್’ ಅಂದ್ರೆ ಇನ್ನೇನೇನು? ಬೇಗ ಹೇಳು. ಇನ್ನೂ ಅರವತ್ತೆರಡು ಬೇಕು.”

ಹೊಸ ಮನೆಯೊಂದರ ಅಡುಗೆಕೋಣೆಯಲ್ಲಿ ಟೈಲ್ಸ್ ಮೇಸ್ತ್ರಿ ಅಪ್ಪ ಮಂಡಿಯೂರಿ ನೆಲ ಹಾಕುತ್ತಿದ್ದ. ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತವಳು ಬಡಾಯಿ. ಅದು ಕ್ಲಾಸಿನವರು ಇಟ್ಟ ಹೆಸರು. ಅವಳು ಬಾಯಿ ಬಿಟ್ಟರೆ ಇರುವೆ ಆನೆಯಾಗುತ್ತದೆ, ಆನೆ ಬೆಟ್ಟವಾಗುತ್ತದೆ, ಬೆಟ್ಟ ನಾಚಿಕೊಂಡು ಜಾಗ ಬಿಡುತ್ತದೆ.

‘ಸೆಟ್’ ಪದಕ್ಕೆ ಎಷ್ಟು ಅರ್ಥವಿದೆ, ಹುಡುಕಿ ತನ್ನಿ ಎಂದಿದ್ದರು ಇಂಗ್ಲಿಷ್ ಮಿಸ್. “ನಾನು ನೂರು ತರ್ತೀನಿ. ಇಲ್ಲಾಂದ್ರೆ ನನ್ನ ಕಿಟಕಿ ಸೀಟು ನಿಂಗೆ” ಎಂದು ಪಕ್ಕದ ಸೀಟಿನ ಸೋಡಾಬುಡ್ಡಿ ಕನ್ನಡಕದವಳಿಗೆ ಇವಳು ಮಾತು ಕೊಟ್ಟಿದ್ದಳು. ಆ ಕಿಟಕಿಯೇನು ಸಾಮಾನ್ಯದ್ದೇ? ಪ್ರಪಂಚದ ಗಾಳಿಯೆಲ್ಲ ಒಳಗೆ ಬರುವುದೇ ಅಲ್ಲಿಂದ.

ಬೆಳಗ್ಗೆಯಿಂದ ಬೀದಿಯನ್ನೆಲ್ಲ ಜಾಲಾಡಿದ್ದಳು. ಗಡಿಯಾರದಂಗಡಿಯವನು ಅಲಾರಂ ಸೆಟ್ ಮಾಡುತ್ತಾನೆ. ಪಾರ್ಲರ್ ಅಕ್ಕ ಕೂದಲು, ಡಾಕ್ಟರು ಮುರಿದ ಮೂಳೆ, ಮಿಸ್ಸು ಪರೀಕ್ಷೆಯ ಪೇಪರು. ನಿನ್ನೆ ಮಾಡಿದ್ದಕ್ಕೂ ಸೆಟ್, ಇವತ್ತು ಮಾಡುವುದಕ್ಕೂ ಸೆಟ್. ಜಪ್ಪಯ್ಯ ಅಂದರೂ ಬದಲಾಗದ ಪದ.

“ಸಿಮೆಂಟೂ ಸೆಟ್ ಆಗುತ್ತೆ” ಎಂದ ಅಪ್ಪ, ತಲೆಯೆತ್ತದೆ. “ಇದಿನ್ನೂ ಆಗಿಲ್ಲ. ಒಳಗೆ ಬರಬೇಡ ಮಗಳೇ.”

ಮೂವತ್ತೊಂಬತ್ತು. ಬರೆದು ತಲೆಯೆತ್ತಿದರೆ, ಆಚೆ ಗೋಡೆಗೆ ಒರಗಿಸಿದ ಸಿಮೆಂಟಿನ ಚೀಲದ ಮೇಲೆ ಇಂಗ್ಲಿಷಿನಲ್ಲಿ ಮತ್ತೊಂದು ‘ಸೆಟ್’. ಅಪ್ಪನ ಮಾತು ಮರೆತು ಬಡಾಯಿ ಒಂದೇ ನೆಗೆತ ನೆಗೆದಳು.

ಪಚಕ್.

ಕಾಲಡಿಯ ಟೈಲು ಒಂದು ಮೂಲೆಯಲ್ಲಿ ಹೂತುಹೋಯಿತು. ಇಡೀ ಭೂಮಿಯೇ ಕುಸಿದಂತಾಯಿತು ಅವಳಿಗೆ.

“ಸಂಜೆ ಓನರ್ ಬರ್ತಾರೆ” ಎಂದ ಅಪ್ಪ ಮೆಲ್ಲಗೆ. “ಇದನ್ನ ನೋಡಿದ್ರೆ ನೆಲ ಪೂರ್ತಿ ಕೀಳು ಅಂತಾರೆ.”

“ಬೈಯಲ್ವಾಪ್ಪಾ?”

“ಬೈದ್ರೆ ಟೈಲು ಮೇಲೇಳುತ್ತಾ? ಬಾ, ನೀನೇ ಕೂರಿಸು.”

ಟೈಲನ್ನು ಎಬ್ಬಿಸಿದರು. ಹಳೆಯ ಗಾರೆ ಕೆರೆದು ಹೊಸದು ಹರಡಿದರು. ಬಡಾಯಿ ಟೈಲನ್ನು ಇಟ್ಟು ಒತ್ತಿದಳು. ಅಪ್ಪ ಕರಣೆಯನ್ನು ತಿರುಗಿಸಿ ಅವಳ ಕೈಗೆ ಕೊಟ್ಟ.

“ಹಿಡಿಯಿಂದ ತಟ್ಟಿ ಕೇಳು. ಡಬ್ ಅಂದ್ರೆ ಒಳಗೆ ಪೊಳ್ಳು. ಟಕ್ ಅಂದ್ರೆ ಕೂತಿದೆ.”

ಡಬ್. ಮತ್ತೆ ಎಬ್ಬಿಸಿದರು. ಮತ್ತೆ ಡಬ್. ಅವಳ ಲೆಕ್ಕದಲ್ಲಿ ಸಾವಿರ ಸಲ, ಅಪ್ಪನ ಲೆಕ್ಕದಲ್ಲಿ ನಾಲ್ಕನೇ ಸಲ, ಟಕ್ ಎಂದಿತು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಓನರ್ ಬಂದು ಹೊಸ್ತಿಲಲ್ಲೇ ನಿಂತು ನೋಡಿ, “ಚೆನ್ನಾಗಿದೆ ಮೇಸ್ತ್ರಿ” ಎಂದು ಹೋದರು. ನೋಟ್‌ಬುಕ್ಕಿನಲ್ಲಿ ಮೂವತ್ತೊಂಬತ್ತೇ ಉಳಿಯಿತು.

ಮರುದಿನ ಕಿಟಕಿ ಪಕ್ಕ ಸೋಡಾಬುಡ್ಡಿ ಕೂತಿದ್ದಳು.

“ಈ ಪದ ತುಂಬ ಹಳೇದು” ಎಂದರು ಮಿಸ್. “ಹುಟ್ಟಿದಾಗ ಇದರ ಅರ್ಥ ಏನಿತ್ತು ಗೊತ್ತಾ? ಕೂರಿಸು ಅಂತ.”

“ಅಷ್ಟೇನಾ?” ಎಂದಿತು ಕ್ಲಾಸು.

ಬಡಾಯಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟಿತ್ತು. ಬೆಂಚಿನ ಕೆಳಗೆ ಹಿಮ್ಮಡಿಯಿಂದ ನೆಲದ ಟೈಲನ್ನು ಒಮ್ಮೆ ತಟ್ಟಿದಳು.

ಡಬ್.

ಪಾಪ, ಇದನ್ನು ಕೂರಿಸಿದವರಿಗೆ ಅವಸರವಿತ್ತೇನೋ. ಅವಳು ಕಾಲನ್ನು ಮೆಲ್ಲಗೆ ಪಕ್ಕದ ಟೈಲಿನ ಮೇಲಿಟ್ಟುಕೊಂಡಳು.