ಫಾಸ್ಟ್ ಅಂದ್ರ ಪಕ್ಕಾ

"ಇದು ತಪ್ಪಲ್ರೀ ಸರ್."

ಅಂಬಮ್ಮ ತನ್ನ ಇಂಗ್ಲಿಷ್ ಪೇಪರನ್ನು ಹೊನ್ನೂರಪ್ಪ ಮಾಸ್ತರರ ಟೇಬಲ್ ಮೇಲೆ ಇಟ್ಟಳು. 'ಫಾಸ್ಟ್' ಪದದ ಅರ್ಥ ಕೇಳಿದ್ದಕ್ಕೆ ಅವಳು 'ಪಕ್ಕಾ' ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಇಂಟು ಗುರುತು ಬಿದ್ದಿತ್ತು.

"ಪಾಠದಾಗ ಏನೈತಿ? ಫಾಸ್ಟ್ ಅಂದ್ರ ವೇಗ," ಎಂದರು ಮಾಸ್ತರರು.

"ನಮ್ಮಪ್ಪ ಕೆಲಸ ಮಾಡೋ ಬಟ್ಟಿ ಅಂಗಡ್ಯಾಗ ಕುಬಸದ ಬಟ್ಟಿ ಅಂಚಿಗೆ 'ಫಾಸ್ಟ್ ಕಲರ್' ಅಂತ ಬರದಿರ್ತದರೀ. ಎಷ್ಟ್ ಒಗದ್ರೂ ಬಣ್ಣ ಹೋಗಂಗಿಲ್ಲ. ಪಕ್ಕಾ ಬಣ್ಣ ಅಂತ ಅಪ್ಪ ಹೇಳ್ಯಾನ."

ಹಿಂದಿನ ಸಾಲಿನಿಂದ ದುರುಗಪ್ಪ ಕೂಗಿದ. "ಸರ್, ಸಿಂಧನೂರ ಬಸ್ ಪಕ್ಕಾ ಹೊಂಟೈತ್ರಿ."

ಐದನೇ ಕ್ಲಾಸೆಲ್ಲ ನಕ್ಕಿತು. ಮಾಸ್ತರರೂ ನಕ್ಕರು. "ಅಂಗಡಿ ಇಂಗ್ಲಿಷ್ ಬ್ಯಾರೆ, ಪರೀಕ್ಷಾ ಇಂಗ್ಲಿಷ್ ಬ್ಯಾರೆ. ಡಿಕ್ಷನರ‍್ಯಾಗ ತೋರ್ಸು, ಮಾರ್ಕ್ಸ್ ಹಾಕ್ತೀನಿ. ಈಗ ಕುಂದ್ರು."

ಮಾತು ಮುಗಿಸಲೆಂದು ಅವರು ಹಾಗೆ ಹೇಳಿದ್ದರು. ಅಂಬಮ್ಮ ಅದನ್ನು ನಿಜವೆಂದೇ ಹಿಡಿದಳು.

ಮಸ್ಕಿಯ ಆ ಶಾಲೆಯಲ್ಲಿ ಡಿಕ್ಷನರಿ ಇರಲಿಲ್ಲ. ಶನಿವಾರ ಅಪ್ಪ ಯಂಕೋಬ ಅಂಗಡಿಗೆ ಬಟ್ಟೆ ತರಲು ಲಿಂಗಸುಗೂರಿಗೆ ಹೊರಟಾಗ, ಮುಂಜಾನೆಯ ಶಾಲೆ ಮುಗಿಸಿಕೊಂಡು ಅವಳೂ ಬಸ್ ಹತ್ತಿದಳು. ಅಲ್ಲಿ ದೊಡ್ಡ ಲೈಬ್ರರಿ ಇದೆ ಎಂದು ಅಪ್ಪನೇ ಹೇಳಿದ್ದ.

ಲೈಬ್ರರಿಗೆ ಬೀಗ ಹಾಕಿತ್ತು.

"ನಾಕಕ್ಕ ತಗೀತಾರಂತ. ನಾಕೂವರಿಗೆ ನಮ್ಮ ಬಸ್ಸು," ಎಂದ ಅಪ್ಪ.

"ಅರ್ಧಾ ತಾಸ ಸಾಕಪ್ಪ."

ಅಪ್ಪ ಬಟ್ಟೆಯ ಗಂಟು ಕಟ್ಟಿಸಿಕೊಂಡು ಬರುವವರೆಗೂ ಅವಳು ಮೆಟ್ಟಿಲ ಮೇಲೆ ಕೂತೇ ಇದ್ದಳು. ನಾಲ್ಕು ದಾಟಿದ ಮೇಲೆ ಸೈಕಲ್ಲಿನಲ್ಲಿ ಒಬ್ಬರು ಬಂದು ಬೀಗ ತೆಗೆದರು. ಅವರು ಲೈಬ್ರರಿ ನೋಡಿಕೊಳ್ಳುವ ಹಂಪಣ್ಣ.

"ಡಿಕ್ಷನರಿ ನಿನಗ್ಯಾಕ ಬೇಕವ್ವ?"

"ಒಂದ ಪದ ನೋಡದೈತ್ರಿ."

ಹಂಪಣ್ಣ ದಪ್ಪ ಪುಸ್ತಕ ತಂದು ಪುಟ ಹುಡುಕಿಕೊಟ್ಟರು. ಆ ಒಂದು ಪದಕ್ಕೆ ಅರ್ಧ ಪುಟ ತುಂಬಿತ್ತು. ಹಂಪಣ್ಣ ಬೆರಳಿಟ್ಟು ಹೇಳಿದರು. "ಮೊದ್ಲನೇದು, ಗಟ್ಟಿ. ಆಮ್ಯಾಲ, ಬಣ್ಣ ಬಿಡದ್ದು."

ಅಂಬಮ್ಮ ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದಳು.

"ಸಿಕ್ತಲ್ಲ, ನಡಿ ಇನ್ನ," ಎಂದ ಅಪ್ಪ.

"ಕೆಳಗ ಇನ್ನೂ ಅದಾವಪ್ಪ. ಎಲ್ಲಾ ಬರ್ಕೊಂತೀನಿ."

ಒಂದೊಂದೇ ಅಕ್ಷರ ನೋಡಿ ಅವಳು ಬರೆಯತೊಡಗಿದಳು. ಎಷ್ಟೋ ಪದಗಳ ಅರ್ಥವೇ ಅವಳಿಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ಗಂಟು ಹೊತ್ತು ಅಪ್ಪ ಬಾಗಿಲಲ್ಲಿ ನಿಂತಿದ್ದ. ಬಸ್‌ಸ್ಟ್ಯಾಂಡ್ ಕಡೆಯಿಂದ ಹಾರ್ನ್ ಕೇಳಿಸಿತು. ಏನೋ ಹೇಳಲು ಬಾಯಿ ತೆರೆದವನು ಮಗಳ ಬೆರಳುಗಳನ್ನು ನೋಡಿದ. ಆಮೇಲೆ ಮೆಲ್ಲಗೆ ಗಂಟು ಕೆಳಗಿಳಿಸಿದ.

"ಬರಿ. ಮುಂದಿನ ಬಸ್ಸಿಗೆ ಹೋಗೂಣು."

ಸೋಮವಾರ ಹೊನ್ನೂರಪ್ಪ ಮಾಸ್ತರರು ಆ ಹಾಳೆಯನ್ನು ಎರಡು ಸಲ ಓದಿದರು.

"ಫಾಸ್ಟ್ ಅಂದ್ರ ಗಟ್ಟಿ," ಎಂದರು ಕೊನೆಗೆ. "ಬಣ್ಣ ಬಿಡದ್ದಕ್ಕೂ ಫಾಸ್ಟ್ ಅಂತಾರ. ವೇಗಕ್ಕೂ ಅಂತಾರ. ಉಪವಾಸಕ್ಕೂ ಅದ ಪದ. ಎಲ್ಲಾದಕ್ಕಿಂತ ಹಳೇ ಅರ್ಥ ಗಟ್ಟಿ ಅನ್ನೋದು, ಅಂತ ತಳದಾಗ ಐತಿ." ಅವರು ಅಂಬಮ್ಮನ ಪೇಪರ್ ತೆಗೆದುಕೊಂಡು ಇಂಟು ಗುರುತನ್ನು ಹೊಡೆದುಹಾಕಿ ಮಾರ್ಕ್ಸ್ ಹಾಕಿದರು. "ನಿಂದು ಸರಿ ಐತವ್ವ. ತಪ್ಪು ನಂದು."

ಈ ಮಾತಿಗಾಗಿಯೇ ಅವಳು ಕಾದಿದ್ದಳು. ದುರುಗಪ್ಪನ ಕಡೆ ತಿರುಗಿ ನೋಡಿದಳು. ಅವನು ನಗುತ್ತಿರಲಿಲ್ಲ. ಏನೋ ಯೋಚಿಸುತ್ತಿದ್ದ.

"ಸರ್, ಉಪವಾಸದ್ದು ಗೊತ್ತಾತ್ರೀ," ಎಂದ ಅವನು. "ನಮ್ಮವ್ವ ಉಪಾಸ ಹಿಡದ್ರ ಯಾರ್ ಏನ್ ಕೊಟ್ರೂ ತಿನ್ನಂಗಿಲ್ಲ, ಗಟ್ಟಿ ಇರ್ತಾಳ. ಆದ್ರ ಗಟ್ಟಿ ನಿಂತಿದ್ದಕ್ಕೂ ಓಡೋದಕ್ಕೂ ಒಂದ ಪದ ಹೆಂಗಾತ್ರೀ?"

ಮಾಸ್ತರರು ಹಾಳೆಯನ್ನು ಮತ್ತೆ ನೋಡಿದರು. "ಅದು ನನಗೂ ಗೊತ್ತಿಲ್ಲಪ."

ಎಲ್ಲರೂ ಅಂಬಮ್ಮನ ಮುಖ ನೋಡಿದರು. ಅವಳಿಗೂ ಗೊತ್ತಿರಲಿಲ್ಲ. ಮಾರ್ಕ್ಸ್ ಸಿಕ್ಕ ಖುಷಿಯ ಒಳಗೆ ಆ ಪ್ರಶ್ನೆ ಮುಳ್ಳಿನಂತೆ ಕೂತುಬಿಟ್ಟಿತು.

ಸಂಜೆ ಹಳ್ಳದಲ್ಲಿ ಅವ್ವ ಗ್ಯಾನಮ್ಮ ಕೌದಿ ಒಗೆಯುತ್ತಿದ್ದಳು. ನೀರು ಕುಡಿದು ಭಾರವಾದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ಒಂದು ತುದಿ ಅವ್ವ ಹಿಡಿದಳು, ಇನ್ನೊಂದು ತುದಿ ಅಂಬಮ್ಮ.

"ಜಾರ್ತದ ನೋಡು. ಜೋರ್ ಹಿಡಿ," ಎಂದಳು ಅವ್ವ.

ಅಂಬಮ್ಮ ಕಾಲೂರಿ ಹಿಡಿದಳು. ನೀರು ದಳದಳ ಸುರಿಯಿತು. ಅಷ್ಟರಲ್ಲಿ ಬಂಡೆಯ ಮೇಲೆ ಒಣಹಾಕಿದ್ದ ಸೀರೆಗೆ ಯಾರದೋ ಆಡು ಬಾಯಿ ಹಾಕಿತು.

"ಅಯ್ಯ, ಆಡು ಬಂತು. ಜೋರ್ ಓಡು ಅಂಬವ್ವ."

ಅಂಬಮ್ಮ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತಳು.

ಜೋರ್ ಹಿಡಿ. ಜೋರ್ ಓಡು.

"ಯಾಕ ನಿಂತಿ? ಸೀರಿ ತಿನ್ನಾಕತ್ತೈತಿ."

ಅವಳು ಓಡಿಹೋಗಿ ಆಡನ್ನು ಓಡಿಸಿದಳು. ಸೀರೆಯ ಅಂಚು ಸ್ವಲ್ಪ ಹರಿದಿತ್ತು. ಅದನ್ನು ಮಡಚಿಕೊಂಡು ಬಂದವಳ ಮುಖ ನೋಡಿ ಅವ್ವ ಕೇಳಿದಳು, "ಸೀರಿ ಹರದೈತಿ, ನೀ ನಗಾಕತ್ತೀಯಲ್ಲ?"

"ಏನಿಲ್ಲ ಬೇ. ದುರುಗಪ್ಪಗ ಒಂದ್ ಮಾತ ಹೇಳದೈತಿ."

ಮೊದಲು ಅವನಿಗೇ ಹೇಳಬೇಕು ಅನ್ನಿಸಿತು ಅವಳಿಗೆ, ಕೇಳಿದವನು ಅವನೇ ತಾನೆ. ಅವಳು ಕೌದಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವ್ವ ತಿರುವಲಿ ಎಂದು ಕಾದಳು.