ಪರದೆಯ ಮೇಲಿನ ಕತ್ತೆಕಿವಿ

"ನೌಕರಿ ಹೋದ್ರ ಹೋಗ್ಲಿ ಮೇಡಂ. ಇದನ್ನ ಮಾಡಿದವರು ಮಂದಿ ಮುಂದ ತಲಿ ತಗ್ಗಿಸಿ ನಿಂದರಬೇಕು. ಅಷ್ಟು ಮಾಡಿಕೊಡ್ರಿ."

ತನುಜಾ ಕೂರದೆ, ನಿಂತೇ ಇಷ್ಟು ಹೇಳಿದಳು. ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್ ಶಾಕೀರಾ ಹಾನಗಲ್ಲಿನ ತಮ್ಮ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಗುತ್ತೆಪ್ಪ, ಸರ್ವೀಸಿನುದ್ದಕ್ಕೂ ಅವರ ಜೀಪು ಓಡಿಸಿದವನು. ನಿವೃತ್ತನಾದರೂ ಅವರ ಕೇಸುಗಳನ್ನು ಬಿಟ್ಟವನಲ್ಲ. ಪ್ರತಿ ಸಲವೂ ಕಳ್ಳನನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದ. ಅವನು ಹಿಡಿದವರು ಕಳ್ಳರಾಗಿರುತ್ತಿರಲಿಲ್ಲ, ಅಷ್ಟೇ ಕೊರತೆ.

"ಮೊದಲ ಕುಂದರವಾ. ಬುಡದಿಂದ ಹೇಳು," ಎಂದರು ಶಾಕೀರಾ.

ತನುಜಾ ಕೆಲಸ ಮಾಡುವ ಬೀಜ ಸಂಘಕ್ಕೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಕಚೇರಿಗಳಿದ್ದವು. ಮೇಜಿನ ಮೇಲಿರುವುದು ಬರೀ ಪರದೆ, ಕೀಲಿಮಣೆ. ನಿಜವಾದ ಕೆಲಸವೆಲ್ಲ ಹುಬ್ಬಳ್ಳಿಯ ದೊಡ್ಡ ಯಂತ್ರಗಳಲ್ಲಿ, ಊರಿಗೊಂದರಂತೆ. ಯಾವ ಊರಲ್ಲಿ ಕೂತರೂ ಅವರವರ ಕಡತ, ಅವರವರ ಪರದೆಯ ಚಿತ್ರ ಹಾಜರಾಗಬೇಕು. ಅದಕ್ಕೆಂದೇ ಇರುವ ಎರಡು ತಂತ್ರಾಂಶಗಳಲ್ಲಿ ಯಾವುದು ಮೇಲು ಎಂದು ಪರೀಕ್ಷಿಸುವ ಹೊಣೆ ತನುಜಾಳದು.

"ಒಂದು ನಕಲು ಮಾಡ್ತೇತ್ರಿ. ಒಳಗ ಹೋಗೂ ಮುಂದ ನಮ್ಮ ಸಾಮಾನೆಲ್ಲ ತಂದಿಡ್ತೇತಿ. ಹೊರಗ ಬರೂ ಮುಂದ ಇದ್ದದ್ದನ್ನ ಒಯ್ದು ಹಳೇದರ ಮ್ಯಾಲೆ ಹೇರ್ತೇತಿ. ಇನ್ನೊಂದು ಪೆಟ್ಟಿಗಿ ಇದ್ದಂಗ. ಒಂದು ಕಡೆ ತೆಗೆದಿದ್ರ ಮತ್ತೊಂದು ಕಡೆ ತೆಗಿಯಾಕ ಬರೂದಿಲ್ಲ. ಪೆಟ್ಟಿಗೀನ ಚಲೋ ಅಂತ ವರದಿ ಬರದಿದ್ದೆ. ಸದ್ಯ ಎಲ್ಲಾ ಊರಾಗ ಇರೂದು ನಕಲಿಂದು."

ನಿನ್ನೆ ಬೆಳಿಗ್ಗೆ ಶಿಗ್ಗಾವಿ ಕಚೇರಿಯಲ್ಲಿ ವರದಿಯನ್ನು ಕೊನೆಯ ಸಲ ನೋಡಿ, ಸೈನೌಟ್ ಮಾಡಿ, ಅವಳು ಸವಣೂರಿನ ಬಸ್ಸು ಹತ್ತಿದ್ದಳು. ಅಲ್ಲಿ ಆಡಳಿತ ಮಂಡಳಿಯ ಮುಂದೆ ಪರದೆ ತೆರೆದರೆ ವರದಿಯೇ ಇಲ್ಲ. ಬದಲಿಗೆ ಅಧ್ಯಕ್ಷ ಉಳವಪ್ಪನವರ ದೊಡ್ಡ ಚಿತ್ರ, ತಲೆಗೆ ಕತ್ತೆಕಿವಿ. ಸಭೆಯೆಲ್ಲ ನಕ್ಕಿತು. ಉಳವಪ್ಪನವರು ನಗಲಿಲ್ಲ, ನಿಂತ ಕಾಲಲ್ಲೇ ಅವಳನ್ನು ಅಮಾನತು ಮಾಡಿದರು.

ಶಾಕೀರಾ ಅವಳ ಫೋನಿನಲ್ಲಿ ಆ ಚಿತ್ರ ನೋಡಿದರು. ಹಾನಗಲ್ ಕಚೇರಿಯ ಅಮಾವಾಸ್ಯೆ ಪೂಜೆ. ಉಳವಪ್ಪನವರು ಕಂಪ್ಯೂಟರಿಗೆ ಕರ್ಪೂರ ಬೆಳಗುತ್ತಿದ್ದಾರೆ. ತನುಜಾಳ ಸಹೋದ್ಯೋಗಿಗಳಲ್ಲಿ ಅಂಕಿತಾ ಗಂಟೆ ಬಾರಿಸುತ್ತಿದ್ದಾಳೆ, ಹುಲಗೇಶನ ಕೈಯಲ್ಲಿ ಕಾಯಿ, ತನುಜಾ ಕೈಮುಗಿದು ನಿಂತಿದ್ದಾಳೆ.

"ಪೂಜೆಗೆ ಹೊರಗಿನವರು ಇದ್ರೇನು?"

"ಇಲ್ರಿ. ನಾವು, ಅಧ್ಯಕ್ಷರು, ಮ್ಯಾನೇಜರ್ ಬಸವೇಶ ಸರ್."

"ಪರದೆ ಮ್ಯಾಲೆ ಮತ್ತೇನರ ಬದಲಾಗಿತ್ತೇನು?"

ತನುಜಾ ಯೋಚಿಸಿದಳು. "ಒಂದು ಜ್ವಾಳದ ತೆನಿ ಫೋಟೋ ಇತ್ರಿ. ಅಮಾಸಿ ಮರುದಿನಾನ ತೆಗೆದು ಒಗದಿದ್ದೆ. ಅದು ತಿರುಗಿ ಬಂದಿತ್ತು."

ಶಾಕೀರಾ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

ಮಧ್ಯಾಹ್ನ ಶಾಕೀರಾ, ಗುತ್ತೆಪ್ಪ ಇಬ್ಬರೂ ಸಂಘದ ಹಾನಗಲ್ ಕಚೇರಿಗೆ ಹೋದಾಗ ಪೂಜೆಯ ಹೂಗಳು ಪರದೆಗಳ ಮೇಲೆ ಒಣಗಿಕೊಂಡಿದ್ದವು. ಅಂಕಿತಾ ಮುಚ್ಚುಮರೆ ಮಾಡಲಿಲ್ಲ. "ಆ ಹೊಣೆ ನನಗ ಬರಬೇಕಿತ್ತು. ಆಕಿ ಸೋತ್ರ ನನಗ ಖುಷಿನ. ಆದ್ರ ನಾ ನಿನ್ನೆ ಮುಂಜಾನಿಂದ ಸವಣೂರಾಗ ಕುರ್ಚಿ ಹಾಕಸಾಕತ್ತಿದ್ದೆ."

ಹುಲಗೇಶನ ಕಣ್ಣು ಒದ್ದೆಯಾಗಿತ್ತು. "ಅಮಾಸಿ ಪೂಜಿ ಆದ ಮ್ಯಾಲೆ ಪರದೆ ಆರಸಬಾರ್ದು ಅಂತ ನಮ್ಮಲ್ಲಿ ರೂಢಿ ಐತ್ರಿ. ತಾನಾಗಿ ಬೀಗ ಬೀಳದಂಗನೂ ಬಸವೇಶ ಸರ್ ಮಾಡಿಸಿದ್ರು. ತನುಜಕ್ಕ ಹಂಗ ಬಿಟ್ಟು ಶಿಗ್ಗಾವಿಗೆ ಹ್ವಾದ್ಲು. ನಾವು ಹೊರಗ ಪ್ರಸಾದ ತಿನ್ನಾಕತ್ತಿದ್ವಿ."

ಬಸವೇಶ ಚಹಾ ತರಿಸಿದ. "ನಿನ್ನೆ ಆಕಿಗೆ ಫೋನ್ ಮಾಡಿ, ಬಸ್ ಸಿಕ್ತೇನವಾ ಅಂತ ಕೇಳಿದ್ದೆ. ಪಾಪ. ಈ ಕಂಪ್ಯೂಟರ್ ನನ್ನ ತಲಿಗೆ ಹತ್ತೂದಿಲ್ರಿ."

"ಆ ಅಂಕಿತಾನ ರೀ ಮೇಡಂ," ಎಂದ ಗುತ್ತೆಪ್ಪ, ಮೆಟ್ಟಿಲಿಳಿಯುತ್ತ. ಶಾಕೀರಾ ನಕ್ಕರು. ಅವರು ಹಾಗೆ ನಕ್ಕಾಗೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಮರುದಿನ ಉಳವಪ್ಪನವರ ಸಮೇತ ಎಲ್ಲರೂ ಅದೇ ಕಚೇರಿಯಲ್ಲಿ ಸೇರಿದರು.

"ವರದಿಯನ್ನ ಯಾರೂ ಅಳಿಸಿಲ್ಲ," ಎಂದು ಶುರುಮಾಡಿದರು ಶಾಕೀರಾ. "ಅಳಿಸೂ ಮನುಷ್ಯಾ, ಒಗೆದ ಫೋಟೋ ಯಾಕ ತಿರುಗಿ ತರ್ತಾನ? ಸವಣೂರಾಗ ತೆರೆದದ್ದು ಅಮಾಸಿ ದಿನದ ಹಳೇ ಪರದೆ. ಅವತ್ತು ಆ ಫೋಟೋ ಇತ್ತು, ವರದಿ ಇನ್ನೂ ಹುಟ್ಟಿರಲಿಲ್ಲ. ಈ ಮೇಜಿನ ಮ್ಯಾಲೆ ಆ ಪರದೆ ಅವತ್ತಿಂದ ತೆರೆದ ಇತ್ತು. ಎರಡು ಕಡೆ ತೆರೆದಿದ್ರ, ಕಡೀಕ ಮುಚ್ಚಿದ್ದ ಉಳೀತೇತಿ. ಶಿಗ್ಗಾವಿಯೊಳಗ ತನುಜಾ ಮುಚ್ಚಿದ ಮ್ಯಾಲೆ ಇಲ್ಲಿ ಯಾರೋ ಮುಚ್ಚಿದ್ರು. ಹಳೇದು ಹೋಗಿ ಹೊಸದರ ಮ್ಯಾಲೆ ಕುಂತಿತು. ನಿನ್ನೆ ಸಂಜಿ ಶಿಗ್ಗಾವಿ ಕಡೆಯ ಯಂತ್ರದಾಗ ಉಳಿದ ನಕಲು ತೆಗೆಸಿದೆ. ವರದಿ ಹಂಗ ಐತಿ."

ಉಳವಪ್ಪನವರು ತನುಜಾಳತ್ತ ನೋಡಿ ಕಣ್ಣು ತಗ್ಗಿಸಿದರು.

"ಅಂಕಿತಾ ಸಭೆ ದಿನ ಇಲ್ಲಿ ಇರಲಿಲ್ಲ. ಉಳಿದವರು ಇಬ್ಬರು." ಶಾಕೀರಾ ಚಿತ್ರವನ್ನು ಎತ್ತಿ ಹಿಡಿದರು. "ಗಂಟಿ ಅಂಕಿತಾಂದು, ಕಾಯಿ ಹುಲಗೇಶಂದು, ಕೈಮುಗಿದಾಕಿ ತನುಜಾ. ಫೋಟೋ ತೆಗೆದವರು ಯಾರು?"

ಗುತ್ತೆಪ್ಪನಿಗೆ ತನ್ನ ಹಣೆ ತಾನೇ ಚಚ್ಚಿಕೊಳ್ಳಬೇಕೆನಿಸಿತು.

"ಅದು ಎಲ್ಲಾರ ಫೋನಿನ್ಯಾಗೂ ಐತಿ," ಎಂದ ಬಸವೇಶ.

"ಯಾರದರಾಗ ಐತಿ, ತೋರಸ್ರಿ."

ಯಾರೂ ಫೋನು ತೆಗೆಯಲಿಲ್ಲ. "ಅದನ್ನ ನಾವು ನೋಡಿದ್ದ ಸವಣೂರಿಂದ ಸುದ್ದಿ ಬಂದ ಮ್ಯಾಲೆ," ಎಂದ ಹುಲಗೇಶ.

ಶಾಕೀರಾ ಬಸವೇಶನತ್ತ ತಿರುಗಿದರು. "ಮಂದಿ ಪ್ರಸಾದ ತಿನ್ನೂವಾಗ ಕತ್ತೆಕಿವಿ ಹಚ್ಚಿ ಈ ಪರದೆ ಮ್ಯಾಲೆ ಚಿತ್ರ ಇಟ್ರಿ. ಬಸ್ ಸಿಕ್ತೇನವಾ ಅಂತ ಕೇಳಿ, ಆಕಿ ಮುಚ್ಚಿದ್ದು ಖಾತ್ರಿ ಮಾಡಿಕೊಂಡ್ರಿ. ಆಮ್ಯಾಲೆ ಇಲ್ಲಿ ಮುಚ್ಚಿದ್ರಿ."

ಬಸವೇಶ ಎದ್ದು ನಿಂತ. ಮುಖ ಕೆಂಪಾಗಿತ್ತು. "ಹೌದು, ಮಾಡೇನಿ! ತರಬೇತಿ ದಿನ ಮೇಜಿನ ಕೆಳಗ ಅಂಟಿಸಿದ್ದ ನನ್ನ ಪಾಸ್‌ವರ್ಡ್ ಚೀಟಿ ಕಿತ್ತು ಎಲ್ಲಾರ ಮುಂದ ಓದಿ ನಕ್ಕಾಕಿ ಈಕಿ. ಅವತ್ತಿಂದ ನಾಲ್ಕೂ ಊರಾಗ ನಾ 'ಚೀಟಿ ಸಾಹೇಬ'. ಈಕಿನೂ ನಗಿಗೀಡಾಗಬೇಕಿತ್ತು!"

"ಈಗಿಂದೀಗ ಮನಿಗೆ ನಡಿ," ಎಂದು ಗುಡುಗಿದರು ಉಳವಪ್ಪನವರು.

"ಬ್ಯಾಡ್ರಿ." ತನುಜಾಳ ದನಿ ತಣ್ಣಗಿತ್ತು. "ಮನಿಗೆ ಹ್ವಾದ್ರ ಯಾರು ನೋಡ್ತಾರ? ನನ್ನ ವರದಿ ನಾಲ್ಕೂ ಊರಾಗ ಅವರ ಓದ್ಲಿ. ನಕಲಿನ ತಂತ್ರಾಂಶ ಯಾಕ ಬ್ಯಾಡ ಅನ್ನೂ ಕಡೆ ಒಂದು ಉದಾಹರಣಿ ಬೇಕಿತ್ತು. ಈಗ ಸಿಕ್ಕೇತಿ. ಹೆಸರು ಸಮೇತ ಬರೀತೇನಿ."

ಉಳವಪ್ಪನವರು ಹೂಂ ಎಂದರು. ಹಾನಗಲ್, ಶಿಗ್ಗಾವಿ, ಸವಣೂರುಗಳಲ್ಲಿ ಓದು ಮುಗಿದು, ಕೊನೆಯದಾಗಿ ಹಿರೇಕೆರೂರಿಗೆ ಗುತ್ತೆಪ್ಪನೂ ನೋಡಲು ಹೋದ. ಮೊದಮೊದಲು ಅವನೂ ನಕ್ಕ. ಬಸವೇಶ ಕಾಗದದಿಂದ ತಲೆ ಎತ್ತದೆ ಓದುವುದನ್ನು ಕಂಡಾಗ ಗುತ್ತೆಪ್ಪನ ನಗು ನಿಂತಿತು. ತನ್ನದೇ ಹೆಸರಿರುವ ಸಾಲಿಗೆ ಬಂದಾಗ ಬಸವೇಶನ ದನಿ ಉಡುಗಿ ಹೋಯಿತು.

ಮುಂದಿನ ಸಾಲಿನಲ್ಲಿ ಕೂತ ತನುಜಾ ಒಮ್ಮೆಯೂ ನಕ್ಕಿರಲಿಲ್ಲ. ಅವಳು ಮೆಲ್ಲಗೆ ಕೈ ಎತ್ತಿದಳು.

"ಕೇಳಸವಲ್ದು ಸರ್. ಮೊದಲಿಂದ ಓದ್ರಿ."