ಬೆನ್ನ ಮೇಲಿನ ಇಸ್ತ್ರಿ

ಇಂಥದ್ದನ್ನೆಲ್ಲ ಹೇಳುತ್ತೇನೆಂದು ಬೇಸರಿಸಬೇಡಿ. ದೆವ್ವವನ್ನು ನಂಬುವವನು ನಾನಲ್ಲ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು ತೀರಿಕೊಂಡ ಮೇಲೆ, ಅವರ ಹೆಂಡತಿ, ಕಾಜಾ-ಗುಂಡಿ ಹಾಕುವ ಅಕ್ಕ, ಅಂದು ಮೊದಲ ಸಲ ಕೆಲಸಕ್ಕೆ ಬಂದಿದ್ದರು. ಅಳಲಿಲ್ಲ, ಒಂದೇ ಗುಂಡಿಯನ್ನು ಮತ್ತೆ ಮತ್ತೆ ಹೊಲಿದು ಬಿಚ್ಚುತ್ತಿದ್ದರು. ತಬ್ಬಿಕೊಂಡು ಸಮಾಧಾನ ಮಾಡಬೇಕೆನಿಸಿತು. ಆದರೆ ಅಳತೆ ಟೇಪಿಲ್ಲದೆ ನಾನು ಯಾರ ಸುತ್ತಲೂ ಕೈ ಹಾಕಿದವನಲ್ಲ. ಅವರು ತಪ್ಪು ತಿಳಿದರೆ?

ಊಟದ ಹೊತ್ತಿನಲ್ಲಿ ಹಿಂದಿನ ಕೋಣೆಗೆ ಹೋಗಿ, ಕೋಟು ತೊಡಿಸುವ ಬೊಂಬೆಯನ್ನು ತಬ್ಬಿ ಅಭ್ಯಾಸ ಮಾಡಿದೆ. ಬಿಗಿಯಾಯಿತೆಂದು ಸಡಿಲಿಸಿದೆ, ಸಡಿಲವಾಯಿತೆಂದು ಬಿಗಿದೆ. ಬೊಂಬೆ ಬೆಚ್ಚಗಿತ್ತು. ಕಿಟಕಿಯ ಬಿಸಿಲಿರಬೇಕು ಅಂದುಕೊಂಡೆ. ಆ ಕೋಣೆಗೆ ಕಿಟಕಿಯೇ ಇಲ್ಲವೆಂಬುದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ನನ್ನ ಬೆನ್ನನ್ನು ಯಾರೋ ಮೆಲ್ಲಗೆ ಸವರಿದರು. ನಮ್ಮ ಬೊಂಬೆಗೆ ಕೈಗಳಿಲ್ಲ.

ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದೆ. ಎದುರಿಗೆ ಅಕ್ಕ.

"ಅಕ್ಕಾ, ಬೇಜಾರಿಲ್ಲ ಅಂದ್ರೆ... ಒಂದ್ಸಲ ತಬ್ಕೊಳ್ಲಾ?"

"ಬಾರೋ. ನೀನೇ ನಡುಗ್ತಾ ಇದ್ದೀಯಲ್ಲೋ."

ತಬ್ಬಿಕೊಂಡೆ.

"ಎದೆ ಅಳತೆ ತಗೋತಿದ್ದೀಯಾ? ನೆಟ್ಟಗೆ ತಬ್ಕೋ ಮಾರಾಯ," ಎಂದರು. ಮರುಕ್ಷಣ ಅವರ ಅಂಗೈ ನನ್ನ ಬೆನ್ನ ಮೇಲೆ ನಿಂತುಬಿಟ್ಟಿತು.

"ಈ ಅಂಗಿಗೆ ಇಸ್ತ್ರಿ ಯಾರು ಹಾಕಿದ್ದು? ಇನ್ನೂ ಬಿಸಿ ಇದೆ."

ಕೈಯನ್ನು ಅಲ್ಲಿಂದ ತೆಗೆಯದೆ ಅಕ್ಕ ಬಿಕ್ಕಿಬಿಕ್ಕಿ ಅತ್ತರು. ಗಂಡ ತೀರಿಕೊಂಡ ಮೇಲೆ ನಮ್ಮೆದುರು ಅವರು ಅತ್ತದ್ದು ಅದೇ ಮೊದಲು.

ಮನೆಗೆ ಹೋಗಿ ಅಂಗಿ ಬಿಚ್ಚಿ ನೋಡಿದೆ. ಎಲ್ಲೆಡೆ ಮುದುರು, ಬೆನ್ನಲ್ಲಿ ಮಾತ್ರ ಎರಡು ಅಂಗೈ ಅಗಲ ನುಣ್ಣಗಿತ್ತು. ಅಕ್ಕನ ಗಂಡ ಹೋದಂದಿನಿಂದ ಅಂಗಡಿಯ ಇಸ್ತ್ರಿಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ. ಇದು ಹೇಗಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.